ಸಾಲು ಯಂತ್ರದ್ದು, ಅಂಕಣ ನಮ್ಮದು

ಬಹುಗ್ರಾಮ ಕುಡಿಯುವ ನೀರಿನ ಯೋಜನೆಗೆ ವೇಳಾಪಟ್ಟಿ ಕಟ್ಟಲು ಕುಳಿತವರನ್ನು ಮೊದಲು ಕಂಗೆಡಿಸುವುದು ಅದರ ಸಾಲುಗಳ ಸಂಖ್ಯೆ. ನದಿಯಲ್ಲೋ ಜಲಾಶಯದ ಹಿನ್ನೀರಿನಲ್ಲೋ ಒಂದು ಜಾಕ್‌ವೆಲ್ (ನೀರೆತ್ತುವ ಪಂಪುಗಳನ್ನು ಕೂರಿಸುವ ಬಾವಿ), ಅಲ್ಲಿಂದ ಶುದ್ಧೀಕರಣ ಘಟಕಕ್ಕೆ ಏರು ಕೊಳವೆ, ಎತ್ತರದ ದಿಬ್ಬದಲ್ಲಿ ಒಂದು ದೊಡ್ಡ ತೊಟ್ಟಿ, ಅಲ್ಲಿಂದ ಕವಲೊಡೆದು ಊರೂರಿಗೆ ಹೋಗುವ ಪೈಪ್‌ಲೈನ್, ಊರಿಗೊಂದು ಓವರ್‌ಹೆಡ್ ಟ್ಯಾಂಕ್, ಬೀದಿ ಬೀದಿಗೆ ಪೈಪು, ಮನೆ ಮನೆಗೆ ನಳ. ಹೇಳಲು ಇಷ್ಟೇ. ಆದರೆ ಕೊನೆಯ ಭಾಗ ಹಳ್ಳಿಗಳೆಷ್ಟಿವೆಯೋ ಅಷ್ಟು ಸಲ ಮರುಕಳಿಸುತ್ತದೆ. 300 ಹಳ್ಳಿಗಳಿವೆ, ನಿವೇಶನ ಹಸ್ತಾಂತರದಿಂದ ನಳದಲ್ಲಿ ನೀರು ಬರುವವರೆಗೆ ಹಳ್ಳಿಗೆ 14 ಕೆಲಸಗಳಿವೆ ಎಂದಿಟ್ಟುಕೊಂಡರೂ 4,200 ಸಾಲುಗಳಾಗುತ್ತವೆ. ಯಾವುದು ಮುಗಿದ ಮೇಲೆ ಯಾವುದು ಎಂದು ಹೇಳುವ ಲಿಂಕುಗಳು ಅದಕ್ಕಿಂತಲೂ ಹೆಚ್ಚು.

ನಾನು ಪ್ಲಾನಿಂಗ್ ಎಂಜಿನಿಯರ್. ಇಂಥ ವೇಳಾಪಟ್ಟಿಗಳನ್ನು ಕಟ್ಟುವುದು, ತಿಂಗಳು ತಿಂಗಳು ತಿದ್ದುವುದು, ಸಭೆಗಳಲ್ಲಿ ಅವುಗಳ ಪರವಾಗಿ ವಾದಿಸುವುದು ನನ್ನ ಉದ್ಯೋಗ. 2019ರ ಆಗಸ್ಟ್ 15ರಂದು ಜಲ ಜೀವನ್ ಮಿಷನ್ ಘೋಷಣೆಯಾಗಿ, ಪ್ರತಿ ಗ್ರಾಮೀಣ ಮನೆಗೂ ನಳ, ತಲೆಗೆ ದಿನಕ್ಕೆ 55 ಲೀಟರ್ ನೀರು ಎಂಬ ಗುರಿ ನಿಂತ ಮೇಲೆ, ನಮ್ಮಲ್ಲಿ ಅದು ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ಬಂದ ಮೇಲೆ, ಈ ಬಗೆಯ ವೇಳಾಪಟ್ಟಿಗಳಿಗೆ ಬೇಡಿಕೆ ಹೆಚ್ಚಿತು. ಗುತ್ತಿಗೆ ಕೈಗೆ ಬಂದ ಕೆಲವೇ ವಾರಗಳಲ್ಲಿ ಪೂರ್ತಿ ವೇಳಾಪಟ್ಟಿ ಮೇಜಿನ ಮೇಲಿರಬೇಕು. ಅಂತರರಾಷ್ಟ್ರೀಯ ಗುತ್ತಿಗೆಗಳಲ್ಲಿ ಬಳಸುವ, ಸಲಹಾ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡಿಕ್‌ನ 1999ರ ಮಾದರಿ ಷರತ್ತುಗಳು ಇದಕ್ಕೆ 28 ದಿನಗಳ ಅವಧಿ ಕೊಡುತ್ತವೆ. ಆ ಅವಧಿಯೆಲ್ಲ ಟೈಪ್ ಮಾಡುವುದರಲ್ಲೇ ಕಳೆದರೆ ಯೋಚಿಸುವುದು ಯಾವಾಗ?

ಕೈಯಿಂದ ಒಂದೊಂದೇ ಸಾಲು ತುಂಬಿದರೆ ಕೆಲಸ ತಲೆಗೆ ಹತ್ತುತ್ತದೆ, ಎಕ್ಸೆಲ್ ಹಾಳೆಯಿಂದ ವೇಳಾಪಟ್ಟಿಯ ತಂತ್ರಾಂಶಕ್ಕೆ ಎಲ್ಲವನ್ನೂ ಒಟ್ಟಿಗೆ ಆಮದು ಮಾಡಿದರೆ ಏನೂ ಹತ್ತುವುದಿಲ್ಲ ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಅವರ ಮೇಲೆ ಗೌರವವಿಟ್ಟುಕೊಂಡೇ ನಾನು ಇದನ್ನು ಒಪ್ಪುವುದಿಲ್ಲ. ಮೊದಲ ಹತ್ತು ಹಳ್ಳಿಗಳವರೆಗೆ ಆ ಮಾತು ನಿಜ. ಆಮೇಲೆ ಕೈ ಓಡುತ್ತದೆ, ತಲೆ ನಿಲ್ಲುತ್ತದೆ. ಹಿಂದಿನ ಹಳ್ಳಿಯ ಸಾಲುಗಳನ್ನು ನಕಲು ಮಾಡಿ, ಹೆಸರು ಬದಲಿಸಿ, ಅವಧಿಯನ್ನು ಹಾಗೆಯೇ ಬಿಟ್ಟು ಮುಂದಕ್ಕೆ ಹೋಗುತ್ತೇವೆ. ನೂರನೆಯ ಹಳ್ಳಿಗೆ ಬರುವಷ್ಟರಲ್ಲಿ 50 ಸಾವಿರ ಲೀಟರಿನ ಟ್ಯಾಂಕಿಗೂ ಎರಡು ಲಕ್ಷ ಲೀಟರಿನ ಟ್ಯಾಂಕಿಗೂ ಒಂದೇ ಅವಧಿ ಬಿದ್ದಿರುತ್ತದೆ. ದಣಿದ ಕಣ್ಣಿಗೆ ಅದು ಕಾಣುವುದೂ ಇಲ್ಲ.

ಒಟ್ಟಾಗಿ ಉಣಿಸುವ ಈ ಪದ್ಧತಿ ಹೊಸದೇನಲ್ಲ. 1950ರ ದಶಕದ ಕೊನೆಯಲ್ಲಿ ಡ್ಯುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್‌ನ ಜೇಮ್ಸ್ ಕೆಲ್ಲಿ ಕ್ರಿಟಿಕಲ್ ಪಾತ್ ವಿಧಾನವನ್ನು (ಯೋಜನೆ ಮುಗಿಯುವ ದಿನವನ್ನು ನಿರ್ಧರಿಸುವ ಅತಿ ಉದ್ದದ ಕೆಲಸಗಳ ಸರಪಳಿಯನ್ನು ಹುಡುಕುವ ವಿಧಾನ) ರೂಪಿಸಿದಾಗ ಲೆಕ್ಕ ಹಾಕಿದ್ದು ಯುನಿವ್ಯಾಕ್ ಎಂಬ ಕಂಪ್ಯೂಟರ್ ಯಂತ್ರ. ಎದುರಿಗೆ ಪರದೆಯಿಟ್ಟುಕೊಂಡು ಒಂದೊಂದು ಸಾಲನ್ನು ಎಳೆದಾಡುವ ಅವಕಾಶ ಆಗ ಇರಲಿಲ್ಲ. ಕೆಲಸಗಳ ಪಟ್ಟಿ, ಅವಧಿ, ಯಾವುದರ ಹಿಂದೆ ಯಾವುದು ಎಂಬುದನ್ನೆಲ್ಲ ಕಾಗದದ ಮೇಲೆ ಕೂತು ತೀರ್ಮಾನಿಸಿ, ಪೂರ್ತಿ ದತ್ತಾಂಶವನ್ನು ಒಂದೇ ಸಲ ಯಂತ್ರಕ್ಕೆ ಕೊಡಬೇಕಿತ್ತು. ಆ ಶಿಸ್ತಿನಲ್ಲಿ ಒಂದು ದೊಡ್ಡ ಗುಣವಿತ್ತು: ಯಂತ್ರದ ಮುಂದೆ ಹೋಗುವ ಮೊದಲೇ ಯೋಚನೆ ಮುಗಿದಿರಬೇಕಿತ್ತು. ಪರದೆ ಬಂದ ಮೇಲೆ ನಾವು ಟೈಪ್ ಮಾಡುತ್ತ ಯೋಚಿಸುವುದನ್ನು ರೂಢಿಸಿಕೊಂಡೆವು. ಆಮದು ಮಾಡುವ ಸೌಲಭ್ಯಗಳು ನನ್ನ ಮಟ್ಟಿಗೆ ಆ ಹಳೆಯ ಶಿಸ್ತಿಗೆ ಮರಳುವ ದಾರಿ.

ಶಿಸ್ತು ಎಂದರೆ ಇಷ್ಟೇ: ಎಲ್ಲ ಹಳ್ಳಿಗಳಿಗೂ ಸಮಾನವಾದದ್ದು ಯಾವುದು, ಹಳ್ಳಿಯಿಂದ ಹಳ್ಳಿಗೆ ಬೇರೆಯಾಗುವುದು ಯಾವುದು ಎಂದು ಮೊದಲೇ ಬಿಡಿಸಿಡುವುದು. ಸಮಾನವಾದದ್ದು ಒಂದು ಚಿಕ್ಕ ಕೋಷ್ಟಕಕ್ಕೆ ಹೋಗುತ್ತದೆ: ಟ್ಯಾಂಕಿನ ಅಡಿಪಾಯ ಅಗೆತ, ಬುನಾದಿಯ ಕಾಂಕ್ರೀಟು, ಕಂಬ ಮತ್ತು ಬ್ರೇಸಿಂಗ್, ತೊಟ್ಟಿಯ ತಳ, ಗೋಡೆ, ಮುಚ್ಚಳ, ನೀರು ತುಂಬಿಸಿ ಪರೀಕ್ಷೆ, ಪೈಪಿನ ಗುಂಡಿ ತೋಡುವುದು, ಹಾಸುವುದು, ಒತ್ತಡ ಪರೀಕ್ಷೆ, ಮನೆಗಳಿಗೆ ಸಂಪರ್ಕ. ಬೇರೆಯಾಗುವುದು ಇನ್ನೊಂದು, ದೊಡ್ಡ ಕೋಷ್ಟಕಕ್ಕೆ: ಊರಿಗೊಂದು ಸಾಲು, ಅದರಲ್ಲಿ ಟ್ಯಾಂಕಿನ ಸಾಮರ್ಥ್ಯ, ಕಂಬದ ಎತ್ತರ, ಪೈಪಿನ ಉದ್ದ, ಮನೆಗಳ ಸಂಖ್ಯೆ, ಮಣ್ಣಿನ ಬಗೆ, ನಿವೇಶನ ಸಿಕ್ಕಿದೆಯೇ ಇಲ್ಲವೇ. ಈ ಎರಡನ್ನು ಗುಣಿಸಿದರೆ 4,200 ಸಾಲುಗಳು ತಾವಾಗಿಯೇ ಹುಟ್ಟುತ್ತವೆ. ಎಕ್ಸೆಲ್‌ನೊಳಗಿನ ಪವರ್ ಕ್ವೆರಿ ಇದನ್ನು ಚೆನ್ನಾಗಿ ಮಾಡುತ್ತದೆ. ಪೈಥಾನ್ ಪ್ರೋಗ್ರಾಮಿಂಗ್ ಬಲ್ಲವರು ಅದರಲ್ಲೇ ಮಾಡಲಿ. ಹಳ್ಳಿಯೊಳಗಿನ ಲಿಂಕುಗಳೂ ಹೀಗೆಯೇ ಹುಟ್ಟುತ್ತವೆ, ಏಕೆಂದರೆ ‘ಬುನಾದಿಯ ನಂತರ ಕಂಬ’ ಎನ್ನುವುದು ಎಲ್ಲ ಊರುಗಳಿಗೂ ಒಂದೇ.

ಸಾಲುಗಳನ್ನು ಹುಟ್ಟಿಸುವುದು ಯಂತ್ರಕ್ಕೆ ಕ್ಷಣದ ಕೆಲಸ. ದೊಡ್ಡ ಕೋಷ್ಟಕದಲ್ಲಿ ಯಾವ ಯಾವ ಅಂಕಣಗಳಿರಬೇಕು ಎಂಬುದೇ ಇಡೀ ವೇಳಾಪಟ್ಟಿಯ ಜೀವ. ಇದನ್ನು ನನಗೆ ಕಲಿಸಿದ್ದು ಯಾವ ತಂತ್ರಾಂಶವೂ ಅಲ್ಲ, ಉತ್ತರ ಕರ್ನಾಟಕದ ಎರೆಮಣ್ಣು. ಕಚೇರಿಯಲ್ಲಿ ಕೂತವರಿಗೆ ಮಳೆಗಾಲ ಎಂದರೆ ಜೂನ್‌ನಿಂದ ಸೆಪ್ಟೆಂಬರ್. ಕ್ಯಾಲೆಂಡರಿನಲ್ಲಿ ಆ ನಾಲ್ಕು ತಿಂಗಳ ಉತ್ಪಾದಕತೆ ಇಳಿಸಿದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಎರೆಭೂಮಿಯ ತಾಲ್ಲೂಕುಗಳಲ್ಲಿ ಲೆಕ್ಕ ಬೇರೆ. ಒಂದು ಒಳ್ಳೆಯ ಮಳೆ ಬಿದ್ದರೆ ಹೊಲದ ದಾರಿಯಲ್ಲಿ ಟ್ರ್ಯಾಕ್ಟರ್ ಕೂಡ ಹೂತುಕೊಳ್ಳುತ್ತದೆ, ಪೈಪು ಹೊತ್ತ ಲಾರಿಯ ಮಾತು ದೂರ. ತೋಡಿದ ಗುಂಡಿಯ ಬದಿ ಕುಸಿಯುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹಿಂಗಾರಿ ಮಳೆ ಬಂದು ಬಿಳಿಜೋಳ, ಕಡಲೆ ಬಿತ್ತುತ್ತಾರೆ. ಪೈಪ್‌ಲೈನ್ ಹಾದುಹೋಗುವ ಹೊಲದಲ್ಲಿ ಬೆಳೆ ನಿಂತಿದ್ದರೆ? ಒಬ್ಬ ಹಿರಿಯ ಸೈಟ್ ಎಂಜಿನಿಯರ್ ನಮ್ಮ ಮೊದಲ ಕರಡನ್ನು ನೋಡಿ, “ಸರ್, ಬಿತ್ತನೆ ಆದ ಮೇಲೆ ಆ ಹೊಲಕ್ಕೆ ಜೆಸಿಬಿ ಇಳಿಸಲು ಯಾರು ಬಿಡುತ್ತಾರೆ? ಸುಗ್ಗಿ ಮುಗಿಯುವವರೆಗೆ ನಾವು ಆ ಕಡೆ ಹೋಗುವ ಹಾಗಿಲ್ಲ” ಎಂದರು. ಸುಗ್ಗಿ ಎಂದರೆ ಫೆಬ್ರುವರಿಯ ಆಸುಪಾಸು. ಅಲ್ಲಿಂದ ಮುಂಗಾರಿನವರೆಗೆ ಸಿಗುವ ನಾಲ್ಕು ತಿಂಗಳೇ ಹೊಲದೊಳಗಿನ ಪೈಪಿಗೆ ನಿಜವಾದ ಅವಕಾಶ. ರಸ್ತೆ ಬದಿಯಲ್ಲಿ ಹೋಗುವ ಪೈಪಿಗೆ ಈ ಕಟ್ಟಿಲ್ಲ, ಆದರೆ ಅಲ್ಲಿ ಲೋಕೋಪಯೋಗಿ ಇಲಾಖೆಯ ಅನುಮತಿ ಬೇಕು.

ಆ ಒಂದು ಮಾತಿನಿಂದ ಕೋಷ್ಟಕಕ್ಕೆ ಎರಡು ಅಂಕಣಗಳು ಸೇರಿದವು: ಪೈಪು ಹೋಗುವುದು ಹೊಲದೊಳಗೋ ರಸ್ತೆ ಬದಿಯೋ, ಮತ್ತು ಮಣ್ಣು ಎರೆಯೋ ಮಸಾರಿಯೋ. ಈ ಎರಡು ಅಂಕಣಗಳು ತುಂಬಿದ ಮೇಲೆ ಪ್ರತಿ ಪೈಪಿನ ಕೆಲಸಕ್ಕೂ ಸರಿಯಾದ ಕ್ಯಾಲೆಂಡರ್ ತಾನಾಗಿ ಹೊಂದಿಕೊಂಡಿತು. ಕೈಯಿಂದ ಕಟ್ಟಿದ ವೇಳಾಪಟ್ಟಿಯಲ್ಲಿ ಇದೇ ತಿದ್ದುಪಡಿ ಮಾಡಬೇಕಾಗಿದ್ದರೆ ನೂರಾರು ಸಾಲುಗಳನ್ನು ತೆರೆದು ಮುಚ್ಚಬೇಕಿತ್ತು. ಅಷ್ಟು ಶ್ರಮ ಎಂದು ಗೊತ್ತಿದ್ದರೆ ಯಾರಾದರೂ ಆ ಹಿರಿಯರ ಮಾತನ್ನು ಕೇಳಿಸಿಕೊಂಡು ಸುಮ್ಮನಾಗುತ್ತಿದ್ದರು. ವೇಗದ ನಿಜವಾದ ಬೆಲೆ ಇಲ್ಲಿದೆ. ತಿದ್ದುವುದು ಸುಲಭವಾದಾಗ ಮಾತ್ರ ನಾವು ಇನ್ನೊಬ್ಬರ ಮಾತಿಗೆ ಕಿವಿಗೊಡುತ್ತೇವೆ.

ಕ್ಯಾಲೆಂಡರಿನ ವಿಷಯ ಬಂದಾಗ ಟ್ಯಾಂಕಿನ ಬಗ್ಗೆಯೂ ಹೇಳಬೇಕು. ಕಾಂಕ್ರೀಟಿನ ಕ್ಯೂರಿಂಗ್‌ಗೆ ಭಾನುವಾರವಿಲ್ಲ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ, ಒಣ ಬಿಸಿ ಹವೆಯಲ್ಲಿ ಕನಿಷ್ಠ 10 ದಿನ ನೀರುಣಿಸಬೇಕು. ರಾಯಚೂರಿನ ಏಪ್ರಿಲ್‌ನಲ್ಲಿ ಕಾಂಕ್ರೀಟು ಹಾಕುವವರು 10 ಎಂದೇ ಇಟ್ಟುಕೊಳ್ಳಬೇಕು. ನೀರು ಹಿಡಿದಿಡುವ ಕಟ್ಟಡಗಳಿಗೆ ಇರುವ ಐಎಸ್ 3370, ತೊಟ್ಟಿ ತುಂಬಿಸಿದ ಮೇಲೆ ಕಾಂಕ್ರೀಟು ನೀರು ಹೀರಿಕೊಳ್ಳಲು 7 ದಿನ ಬಿಟ್ಟು, ನಂತರ ಇನ್ನೂ 7 ದಿನ ಹೊರಮೈ ಒಣಗಿಯೇ ಇದೆಯೇ ಎಂದು ಗಮನಿಸಲು ಹೇಳುತ್ತದೆ. ಈ 14 ದಿನಗಳೂ ಸತತ ದಿನಗಳು. ವಾರಕ್ಕೆ ಆರು ದಿನದ ಕ್ಯಾಲೆಂಡರಿನಲ್ಲಿ ಇಟ್ಟರೆ ಪರೀಕ್ಷೆಗೆ ಸುಳ್ಳು ದಿನಗಳು ಸೇರಿ 16 ಆಗುತ್ತದೆ, ನಡುವೆ ಹಬ್ಬ ಬಂದರೆ ಇನ್ನೂ ಹೆಚ್ಚು. ಕೆಲವರು ಕ್ಯೂರಿಂಗನ್ನು ಲಿಂಕಿನ ಮೇಲೆ ಲ್ಯಾಗ್ ಆಗಿ, ಅಂದರೆ ಎರಡು ಕೆಲಸಗಳ ನಡುವೆ ಬರೀ ಕಾಯುವ ದಿನಗಳಾಗಿ, ಹಾಕುತ್ತಾರೆ. ನನಗೆ ಅದು ಇಷ್ಟವಿಲ್ಲ. ಪ್ರೈಮಾವೆರಾ ಎಂಬ ವೇಳಾಪಟ್ಟಿ ತಂತ್ರಾಂಶದಲ್ಲಿ ಲ್ಯಾಗ್ ಯಾವ ಕ್ಯಾಲೆಂಡರಿನಲ್ಲಿ ಎಣಿಕೆಯಾಗಬೇಕು ಎಂಬುದು ಒಂದು ಸೆಟ್ಟಿಂಗಿನ ಮೇಲೆ ನಿಂತಿದೆ. ಆ ಸೆಟ್ಟಿಂಗನ್ನು ಯಾರಾದರೂ ಬದಲಿಸಿದರೆ 300 ಟ್ಯಾಂಕುಗಳ ದಿನಾಂಕ ಜರುಗುತ್ತದೆ, ಪರದೆಯಲ್ಲಿ ಕಾರಣ ಕಾಣುವುದಿಲ್ಲ. ಕ್ಯೂರಿಂಗ್ ಒಂದು ಕೆಲಸ. ಅದಕ್ಕೆ ಹೆಸರಿರಲಿ, ಸಾಲಿರಲಿ, ಏಳು ದಿನದ ವಾರದ ಕ್ಯಾಲೆಂಡರ್ ಇರಲಿ. ಸಾಲು ಹೆಚ್ಚಾಗುತ್ತದೆ ಎಂಬ ಹೆದರಿಕೆ ಟೈಪ್ ಮಾಡುವವರಿಗೆ, ಆಮದು ಮಾಡುವವರಿಗೆ ಅದಿಲ್ಲ.

ಇನ್ನು ಹೆಸರುಗಳು. ಕರ್ನಾಟಕದಲ್ಲಿ ಹೊಸಹಳ್ಳಿಗಳಿಗೆ, ಬಸಾಪುರಗಳಿಗೆ ಲೆಕ್ಕವಿಲ್ಲ. ಒಂದೇ ಯೋಜನೆಯಲ್ಲಿ ಎರಡು ಮೂರು ಬಂದರೆ ಆಶ್ಚರ್ಯವಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಪಟ್ಟಿಗಳಲ್ಲಂತೂ ಒಂದೇ ಊರು ಒಂದು ಕಡೆ ಒಂದು ಎಚ್ ಜೊತೆಗೆ, ಇನ್ನೊಂದು ಕಡೆ ಅದಿಲ್ಲದೆ, ಮತ್ತೊಂದು ಕಡೆ ಕೆ. ಅಥವಾ ಬಿ. ಸೇರಿಕೊಂಡು ಬರುತ್ತದೆ. ಸರ್ವೆಯ ಪಟ್ಟಿ ಒಬ್ಬರದು, ವಿನ್ಯಾಸದ ಪಟ್ಟಿ ಇನ್ನೊಬ್ಬರದು, ಬಿಲ್ಲಿನ ಪಟ್ಟಿ ಮಗದೊಬ್ಬರದು. ಹೆಸರಿನ ಮೇಲೆ ಇವುಗಳನ್ನು ಹೊಂದಿಸಲು ಹೋದರೆ ಒಂದು ಬಸಾಪುರದ ಟ್ಯಾಂಕು ಇನ್ನೊಂದು ಬಸಾಪುರದ ಮನೆಗಳಿಗೆ ನೀರು ಕೊಡಲು ಹೊರಡುತ್ತದೆ. ಕೇಂದ್ರ ಸರ್ಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಪ್ರತಿ ಹಳ್ಳಿಗೂ ಒಂದು ಪ್ರತ್ಯೇಕ ಸಂಖ್ಯೆ ಇದೆ. 2011ರ ಜನಗಣತಿಯಲ್ಲೂ ಇದೆ. ಯಾವುದಾದರೊಂದನ್ನು ಮೊದಲ ಅಂಕಣವಾಗಿ ಹಿಡಿದುಕೊಂಡು ಕೊನೆಯವರೆಗೆ ಬಿಡಬಾರದು. ಕೆಲಸದ ಐಡಿಯೂ ಅದರಿಂದಲೇ ಹುಟ್ಟಲಿ: ಹಳ್ಳಿಯ ಸಂಖ್ಯೆ, ಟ್ಯಾಂಕೋ ಪೈಪೋ ಎಂಬ ಗುರುತು, ಹಂತದ ಸಂಖ್ಯೆ. ಹಂತಗಳನ್ನು ಹತ್ತು ಹತ್ತರ ಅಂತರದಲ್ಲಿ ಎಣಿಸಿದರೆ ಮುಂದೆ ನಡುವೆ ಒಂದನ್ನು ಸೇರಿಸಲು ಜಾಗವಿರುತ್ತದೆ.

ಉಪಕರಣಗಳ ಬಗ್ಗೆ ಸ್ವಲ್ಪ. ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ಗೆ ಎಕ್ಸೆಲ್‌ನಿಂದ ಆಮದು ಮಾಡುವಾಗ ಯಾವ ಅಂಕಣ ಯಾವುದಕ್ಕೆ ಎಂದು ಒಮ್ಮೆ ಮ್ಯಾಪ್ ಮಾಡಿ ಉಳಿಸಿಕೊಂಡರೆ ಸಾಕು. ಅಲ್ಲಿ ಹಿಂದಿನ ಕೆಲಸವನ್ನು ಸಾಲಿನ ಸಂಖ್ಯೆಯಿಂದ ಗುರುತಿಸುತ್ತಾರೆ, ನಡುವೆ ಒಂದು ಸಾಲು ಸೇರಿಸಿದರೆ ಕೆಳಗಿನವೆಲ್ಲ ಜರುಗುತ್ತವೆ. ತಂತ್ರಾಂಶದೊಳಗೆ ಲಿಂಕುಗಳು ತಾವೇ ಸರಿಹೊಂದುತ್ತವೆ, ಹೊರಗಿನ ಎಕ್ಸೆಲ್ ಹಾಳೆಗೆ ಅದು ಗೊತ್ತಿರುವುದಿಲ್ಲ. ಹಾಗಾಗಿ ಆಮದಿನ ಹಾಳೆಯನ್ನು ಪ್ರತಿ ಸಲವೂ ಮೂಲ ಕೋಷ್ಟಕಗಳಿಂದ ಹೊಸದಾಗಿ ಹುಟ್ಟಿಸಬೇಕು.

ಪ್ರೈಮಾವೆರಾ ಪಿ6ರ ಎಕ್ಸೆಲ್ ಆಮದಿನಲ್ಲಿ ಎರಡು ತಲೆಸಾಲುಗಳಿರುತ್ತವೆ. ಮೊದಲನೆಯದು ದತ್ತಸಂಚಯದ ಒಳಹೆಸರುಗಳು, ಎರಡನೆಯದು ಮನುಷ್ಯರು ಓದುವ ಹೆಸರುಗಳು. ಮೊದಲನೆಯದನ್ನು ಮುಟ್ಟಬಾರದು. ಸುರಕ್ಷಿತವಾದ ದಾರಿಯೆಂದರೆ ನಾಲ್ಕು ಕೆಲಸಗಳ ಪುಟ್ಟ ಮಾದರಿಯನ್ನು ಪಿ6ರಲ್ಲೇ ಕಟ್ಟಿ, ರಫ್ತು ಮಾಡಿ, ಹೊರಬಂದ ಹಾಳೆಯ ಆಕಾರಕ್ಕೆ ನಮ್ಮ ಸಾಲುಗಳನ್ನು ಹೊಂದಿಸುವುದು. ಈ ಆಮದು ಹೊಸ ಡಬ್ಲ್ಯೂಬಿಎಸ್ ಅನ್ನು (ಯೋಜನೆಯನ್ನು ಭಾಗ, ಉಪಭಾಗಗಳಾಗಿ ಒಡೆದ ಚೌಕಟ್ಟು) ಸೃಷ್ಟಿಸುವುದಿಲ್ಲ, ಅದು ಮೊದಲೇ ಇರಬೇಕು. ಆದ್ದರಿಂದ ನಾನು ಡಬ್ಲ್ಯೂಬಿಎಸ್ ಅನ್ನು ತಾಲ್ಲೂಕು ಮತ್ತು ಕಾಮಗಾರಿಯ ಬಗೆಯ ಮಟ್ಟಕ್ಕೆ ನಿಲ್ಲಿಸಿ, ಹಳ್ಳಿ, ಮಣ್ಣು, ಕೆಲಸಗಾರರ ಗುಂಪುಗಳನ್ನೆಲ್ಲ ಪ್ರತಿ ಕೆಲಸಕ್ಕೂ ಅಂಟಿಸುವ ಗುರುತುಗಳಾದ ಆಕ್ಟಿವಿಟಿ ಕೋಡುಗಳಲ್ಲಿ ಇಡುತ್ತೇನೆ. ಜಿಲ್ಲಾ ಪಂಚಾಯಿತಿಯ ಸಭೆಗೆ ಹಳ್ಳಿವಾರು ಪಟ್ಟಿ, ಪೈಪು ಹಾಸುವ ಗುತ್ತಿಗೆದಾರರಿಗೆ ಗುಂಪುವಾರು ಪಟ್ಟಿ ಬೇಕಾಗುತ್ತದೆ. ಕೋಡುಗಳಿದ್ದರೆ ಒಂದೇ ವೇಳಾಪಟ್ಟಿ ಎರಡೂ ರೂಪದಲ್ಲಿ ನಿಲ್ಲುತ್ತದೆ.

ಒಳಗೆ ಬಂದ ಮೇಲೆ ತಿದ್ದಲು ಗ್ಲೋಬಲ್ ಚೇಂಜ್ ಇದೆ. ‘ಮಣ್ಣು ಎರೆ ಆಗಿದ್ದರೆ, ಕೆಲಸ ಗುಂಡಿ ತೋಡುವುದಾಗಿದ್ದರೆ, ಕ್ಯಾಲೆಂಡರನ್ನು ಇದಾಗಿಸು’ ಎಂದು ಷರತ್ತು ಬರೆದರೆ ಸಾವಿರ ಸಾಲುಗಳು ಒಮ್ಮೆಗೇ ಬದಲಾಗುತ್ತವೆ. ಅದನ್ನು ಹಿಂದಕ್ಕೆ ಪಡೆಯುವ ಬಟನ್ ಇಲ್ಲ. ಬದಲಾಗಲಿರುವುದರ ಪಟ್ಟಿಯನ್ನು ಅದು ಮೊದಲೇ ತೋರಿಸುತ್ತದೆ. ಅದನ್ನು ಓದದೆ ಒಪ್ಪಿಗೆ ಒತ್ತುವವರನ್ನು ನೋಡಿದರೆ ನನಗೆ ಭಯವಾಗುತ್ತದೆ. ಓದಿ, ಪಿ6ರ ಸ್ವಂತ ಕಡತರೂಪವಾದ ಎಕ್ಸ್‌ಇಆರ್ ಕಡತವಾಗಿ ಒಂದು ಪ್ರತಿ ತೆಗೆದಿಟ್ಟು, ಆಮೇಲೆ ಮುಂದುವರಿಯಬೇಕು.

ಎಕ್ಸ್‌ಇಆರ್ ಎಂಬುದು ಗುಟ್ಟಿನ ಕಡತವೇನಲ್ಲ. ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ: ಟ್ಯಾಬ್‌ಗಳಿಂದ ಬೇರ್ಪಟ್ಟ ಸಾದಾ ಪಠ್ಯ, ಕೋಷ್ಟಕದ ಹೆಸರು, ಅಂಕಣಗಳ ಹೆಸರು, ಕೆಳಗೆ ಸಾಲುಗಳು. ಪ್ಲಾನಿಂಗ್ ಕಲಿಯುವ ಪ್ರತಿಯೊಬ್ಬರೂ ಒಮ್ಮೆಯಾದರೂ ಅದನ್ನು ತೆರೆದು ಓದಬೇಕು ಎಂದು ನನ್ನ ಹಟ. ಬಾರ್ ಚಾರ್ಟಿನ ಬಣ್ಣಗಳ ಹಿಂದೆ ಇರುವುದು ಕೋಷ್ಟಕಗಳು ಮಾತ್ರ ಎಂದು ಕಣ್ಣಾರೆ ಕಂಡ ಮೇಲೆ ಹೆದರಿಕೆ ಹೋಗುತ್ತದೆ. ಅವಧಿಗಳು ಅಲ್ಲಿ ಗಂಟೆಗಳಲ್ಲಿ ಇರುತ್ತವೆ ಎಂಬುದೂ ಆಗ ಕಾಣುತ್ತದೆ. 80 ಗಂಟೆ ಎಂದರೆ ದಿನಕ್ಕೆ 8 ಗಂಟೆಯ ಕ್ಯಾಲೆಂಡರಿನಲ್ಲಿ 10 ದಿನ, 10 ಗಂಟೆಯ ಕ್ಯಾಲೆಂಡರಿನಲ್ಲಿ 8 ದಿನ. ನಮ್ಮ ಕಾಮಗಾರಿಗಳಲ್ಲಿ ಎರಡೂ ಬಗೆಯ ದಿನಗಳಿವೆ. ಯಾವ ಗುಂಪು ಎಷ್ಟು ಗಂಟೆ ದುಡಿಯುತ್ತದೆ ಎಂದು ಕೇಳದೆ ಅವಧಿ ತುಂಬಿದರೆ ಆ ವ್ಯತ್ಯಾಸ ವೇಳಾಪಟ್ಟಿಯ ಉದ್ದಕ್ಕೂ ಹರಡುತ್ತದೆ.

ಒಟ್ಟಾಗಿ ಮಾಡುವ ಕೆಲಸದ ಅಪಾಯ ಇದೇ. ಅಚ್ಚಿನಲ್ಲಿ ಬಿರುಕಿದ್ದರೆ ಭಟ್ಟಿಯ ಎಲ್ಲ ಇಟ್ಟಿಗೆಗಳ ಮೇಲೂ ಅದೇ ಗೆರೆ. ಎಲ್ಲಕ್ಕಿಂತ ಮೋಸದ್ದು ದಿನಾಂಕ. ನಾವು ದಿನ ಮೊದಲು ಬರೆಯುತ್ತೇವೆ. ಕಂಪ್ಯೂಟರ್ ಅಮೆರಿಕದ ಪದ್ಧತಿಯಲ್ಲಿದ್ದರೆ ತಿಂಗಳು ಮೊದಲು ಎಂದು ಓದುತ್ತದೆ. 25/04 ಎಂಬುದನ್ನು ಅದು ದಿನಾಂಕವೆಂದು ಒಪ್ಪುವುದಿಲ್ಲ, ಹಾಗಾಗಿ ತಪ್ಪು ಕಣ್ಣಿಗೆ ಬೀಳುತ್ತದೆ. 03/04 ಮಾತ್ರ ಏಪ್ರಿಲ್ 3ರ ಬದಲು ಮಾರ್ಚ್ 4 ಆಗಿ ಸದ್ದಿಲ್ಲದೆ ಒಳಗೆ ಬರುತ್ತದೆ. ತಿಂಗಳ ಮೊದಲ 12 ದಿನಗಳೆಲ್ಲ ಹೀಗೆ ಅನುಮಾನಾಸ್ಪದ. ತಿಂಗಳನ್ನು ಅಕ್ಷರದಲ್ಲಿ ಬರೆಸುವುದು ಇದಕ್ಕೆ ಸರಳ ಪರಿಹಾರ. ಸಂಖ್ಯೆಯ ಮುಂದಿನ ಸೊನ್ನೆ ಎಕ್ಸೆಲ್‌ನಲ್ಲಿ ಉದುರುತ್ತದೆ, ಆ ಅಂಕಣವನ್ನು ಮೊದಲೇ ಪಠ್ಯವಾಗಿಸಬೇಕು. ಊರ ಹೆಸರಿನ ಕೊನೆಯಲ್ಲಿ ಕಾಣದ ಜಾಗವೊಂದು ಉಳಿದಿದ್ದರೆ ಎರಡು ಪಟ್ಟಿಗಳು ಹೊಂದುವುದಿಲ್ಲ. ಜಾಲತಾಣದಿಂದ ನಕಲಿಸಿದ ಪಟ್ಟಿಯಲ್ಲಿ ಅದು ಹೆಚ್ಚುವರಿ ಜಾಗ ತೆಗೆಯುವ ಟ್ರಿಮ್ ಸೂತ್ರಕ್ಕೂ ಬಗ್ಗದ ಬಗೆಯದ್ದಾಗಿರುತ್ತದೆ.

ಆಮದು ಮುಗಿದ ಮೇಲಿನ ಪರೀಕ್ಷೆಗೆ ಅಮೆರಿಕದ ರಕ್ಷಣಾ ಗುತ್ತಿಗೆ ನಿರ್ವಹಣಾ ಸಂಸ್ಥೆ ರೂಪಿಸಿದ 14 ಅಂಶಗಳ ಪಟ್ಟಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಹಿಂದೆ ಅಥವಾ ಮುಂದೆ ಲಿಂಕಿಲ್ಲದ ಕೆಲಸಗಳು ಶೇ 5 ಮೀರಬಾರದು, ಋಣ ಲ್ಯಾಗ್ (ಹಿಂದಿನದು ಮುಗಿಯುವ ಮೊದಲೇ ಮುಂದಿನದನ್ನು ಶುರುಮಾಡಿಸುವುದು) ಇರಲೇಬಾರದು, ಲಿಂಕುಗಳಲ್ಲಿ ಕನಿಷ್ಠ ಶೇ 90ರಷ್ಟು ‘ಅದು ಮುಗಿದ ಮೇಲೆ ಇದು’ ಎಂಬ ಸರಳ ಬಗೆಯವಾಗಿರಬೇಕು, 44 ಕೆಲಸದ ದಿನಗಳಿಗಿಂತ ಹೆಚ್ಚಿನ ಫ್ಲೋಟ್ (ಯೋಜನೆಯ ಕೊನೆಯನ್ನು ತಡಮಾಡದೆ ಕೆಲಸವನ್ನು ಜರುಗಿಸಬಹುದಾದ ಬಿಡುವು) ಇರುವ ಕೆಲಸಗಳು ಶೇ 5ರೊಳಗಿರಬೇಕು ಇತ್ಯಾದಿ. ಒಳ್ಳೆಯ ಪಟ್ಟಿ. ನಮ್ಮ ಯೋಜನೆಗಳಲ್ಲಿ ಕೊನೆಯ ಅಂಶವನ್ನು ಕುರುಡಾಗಿ ಹಿಡಿಯುವುದು ಸರಿಯಲ್ಲ. ಬೇಗ ಮುಗಿದ ಹಳ್ಳಿಯ ಟ್ಯಾಂಕು ಜಾಕ್‌ವೆಲ್‌ಗಾಗಿ ತಿಂಗಳುಗಟ್ಟಲೆ ಕಾಯುವುದು ಸಹಜ. ನದಿಯಲ್ಲಿ ನೀರು ಇಳಿದಾಗ ಮಾತ್ರ ಜಾಕ್‌ವೆಲ್ ಕಟ್ಟಲು ಸಾಧ್ಯ. ಆ ಬೇಸಿಗೆ ತಪ್ಪಿದರೆ ಇಡೀ ವರ್ಷ ತಪ್ಪಿತು. ಅಲ್ಲಿನ ಫ್ಲೋಟ್ ಸುಳ್ಳಲ್ಲ, ನದಿಯ ಲೆಕ್ಕ. ನೂರಾರು ಹಳ್ಳಿಗಳ ಸಾಲುಗಳು ಆಮದಿನಿಂದ ಬೇಗ ಬಂದುಬಿಟ್ಟರೆ, ಕ್ರಿಟಿಕಲ್ ಪಾತ್ ಹಾದುಹೋಗುವ ಈ ಒಂದು ಜಾಕ್‌ವೆಲ್‌ನ ಮೂವತ್ತು ಸಾಲುಗಳನ್ನು ಕೈಯಿಂದಲೇ, ನಿಧಾನವಾಗಿ, ಜೊತೆಗಾರರನ್ನು ಕೂರಿಸಿಕೊಂಡು ಕಟ್ಟಲು ಸಮಯ ಸಿಗುತ್ತದೆ. ಎಲ್ಲವನ್ನೂ ಆಮದು ಮಾಡಬೇಕೆಂಬ ಹುರುಪು ನನಗಿಲ್ಲ. ಒಂದೇ ಸಲ ನಡೆಯುವ ಕೆಲಸಕ್ಕೆ ಅಚ್ಚು ಬೇಕಿಲ್ಲ.

ತಿಂಗಳ ಪ್ರಗತಿಯನ್ನೂ ಹೀಗೆಯೇ ತುಂಬಬಹುದು. ನಿಜವಾಗಿ ಶುರುವಾದ ದಿನ, ಮುಗಿದ ದಿನ, ಉಳಿದ ಅವಧಿ ಎಂಬ ಮೂರು ಅಂಕಣಗಳನ್ನು ತಾಲ್ಲೂಕಿನವರು ತುಂಬಿ ಕಳುಹಿಸಿದರೆ ಆಮದಿಗೆ ಹೆಚ್ಚು ಹೊತ್ತು ಬೇಕಿಲ್ಲ. ಮೂರನೆಯ ಅಂಕಣವನ್ನು ಸೂತ್ರದಿಂದ ತುಂಬಿಸುವ ಆಸೆ ಎಲ್ಲರಿಗೂ ಬರುತ್ತದೆ: ಶೇ 60 ಮುಗಿದಿದ್ದರೆ ಶೇ 40ರಷ್ಟು ದಿನ ಉಳಿದಿದೆ ಎಂದು. ಬಂಡೆ ಸಿಕ್ಕ ಊರಿನಲ್ಲಿ ಉಳಿದ ಶೇ 40ಕ್ಕೆ ಮೊದಲಿನ ಶೇ 60ಕ್ಕಿಂತ ಹೆಚ್ಚು ದಿನ ಬೇಕಾಗುತ್ತದೆ. ಅದನ್ನು ಗುಂಡಿಯ ಪಕ್ಕ ನಿಂತವರೇ ಹೇಳಬೇಕು.

ಆದ್ದರಿಂದ ಈಗ ನಾನು ದೊಡ್ಡ ಕೋಷ್ಟಕವನ್ನು ಕಚೇರಿಯಲ್ಲಿ ಬಚ್ಚಿಡುವುದಿಲ್ಲ. ಮೇಸ್ತ್ರಿಗಳಿಗೂ ಕಿರಿಯ ಎಂಜಿನಿಯರುಗಳಿಗೂ ಪ್ರೈಮಾವೆರಾ ಬೇಕಿಲ್ಲ, ಮೊಬೈಲಿನಲ್ಲಿ ತೆರೆಯುವ ಒಂದು ಹಾಳೆ ಸಾಕು. ಅದರ ಅಂಕಣಗಳ ಹೆಸರುಗಳನ್ನು ಕನ್ನಡದಲ್ಲೇ ಇಟ್ಟಿದ್ದೇನೆ. ಆಮದಿಗೆ ಬೇಕಾದ ಇಂಗ್ಲಿಷ್ ಒಳಹೆಸರುಗಳು ಬೇರೆ ಹಾಳೆಯಲ್ಲಿ ತಾವಾಗಿ ಹೊಂದಿಕೊಳ್ಳುತ್ತವೆ. ಹಾಗೆ ಮಾಡಿದ ಮೇಲೆ ಕೊನೆಯ ಖಾಲಿ ಅಂಕಣದಲ್ಲಿ ಅವರು ತಾವೇ ಬರೆಯತೊಡಗಿದರು: ಈ ಊರಿನಲ್ಲಿ ಜಾತ್ರೆಯ ವಾರ ಕೂಲಿಯವರು ಸಿಗುವುದಿಲ್ಲ, ಈ ಊರಿನ ಟ್ಯಾಂಕಿನ ಜಾಗದ ಮೇಲೆ ವಿದ್ಯುತ್ ತಂತಿ ಹಾದಿದೆ, ಈ ಊರಿನ ಬೀದಿಗೆ ಪಂಚಾಯಿತಿ ಹೊಸದಾಗಿ ಕಾಂಕ್ರೀಟು ಹಾಕಲಿದೆ, ಅದಕ್ಕೆ ಮೊದಲೇ ಪೈಪು ಹಾಸಿಬಿಡೋಣ. ಆ ಕೊನೆಯದನ್ನು ನಾವು ಮುಂದಿನ ಆಮದಿನಲ್ಲೇ ಸೇರಿಸಿ, ಆ ಬೀದಿಯ ಪೈಪಿನ ಸರದಿಯನ್ನು ಮುಂಚಿತಗೊಳಿಸಿದೆವು.